ನೆರಿಯದ ನೀರಿನ ಲೆಕ್ಕ

ಹೇಳಿದ ಮಾತು ಕೇಳದೆ ಮೊಯಿದಿನಬ್ಬ ಸತ್ತ ಎಂದು ಬಂಟ್ವಾಳ ಪೇಟೆಯಲ್ಲಿ ಎರಡು ವರ್ಷ ಹೇಳಿದರು. ಹೊಳೆಗೆ ನೀರು ಬರುತ್ತದೆ ಎಂದು ಮೊದಲೇ ಎಚ್ಚರಿಕೆ ಕೊಟ್ಟಿದ್ದರಂತೆ. ಇವ ಅದನ್ನು ಗಣನೆಗೇ ತೆಗೆದುಕೊಳ್ಳಲಿಲ್ಲವಂತೆ. ಸೌತೆ ಹಾಕುವ ಆಸೆಗೆ ಹೊಳೆ ನಡುವಿನ ಹೊಯ್ಗೆ ದಿಣ್ಣೆಯಲ್ಲೇ, ಆ ಮರಳ ಗುಡ್ಡೆಯಲ್ಲೇ, ನಿಂತನಂತೆ. ಪೇಪರಿನಲ್ಲಿಯೂ ಹಾಗೆಯೇ ಬಂತು. ಪೇಪರಿನಲ್ಲಿ ಬಂದದ್ದನ್ನು ಅಲ್ಲ ಎನ್ನಲಿಕ್ಕೆ ನಮ್ಮ ಹತ್ತಿರ ಏನಿತ್ತು?

ಪೇಟೆಯವರು ಹೇಳಿದ್ದು ಹೋಗಲಿ. ಅವನ ಹೆಂಡತಿ ಖದೀಜ ಅದನ್ನು ನಂಬಿದ್ದಳು. ಸತ್ತ ಗಂಡನ ಜೊತೆ ಅವಳು ದಿನಾ ಜಗಳ ಮಾಡುತ್ತಿದ್ದಳು. ಮೀನು ಕೊಯ್ಯುವಾಗ, ಬಟ್ಟೆ ಒಣಗಿಸುವಾಗ ಒಬ್ಬಳೇ ಗೊಣಗುವುದು ನಮ್ಮ ಜಗಲಿಗೆ ಕೇಳುತ್ತಿತ್ತು. "ಹೇಳಿದರೆ ಕೇಳುವ ಜನವಾ? ಜನ್ಮದಲ್ಲಿ ಒಂದು ದಿನ ಕೇಳಿದ್ದುಂಟಾ?" ನಡುವೆ ಒಂದು ಬೇಲಿ ಅಷ್ಟೆ, ಎಲ್ಲ ಕೇಳುತ್ತದೆ.

ಒಂದು ಸಾಯಂಕಾಲ ಬೇಲಿಯ ಹತ್ತಿರ ಬಂದು ನಿಂತಳು. "ಸಂಕಪ್ಪಣ್ಣ, ನಿಜ ಹೇಳಿ. ಆ ದಿನ ನೀವು ಹೊಳೆ ಬದಿಯಲ್ಲಿ ಇದ್ದಿರಿ. ಅವರಿಗೆ ಹೇಳಿದ್ದರಾ? ಹೇಳಿದ ಮೇಲೆಯೂ ನಿಂತರಾ?"

"ನನಗೆ ಯಾರೂ ಹೇಳಲಿಲ್ಲ ಖದೀಜಮ್ಮ."

"ನಿಮಗೆ ಹೇಳಲಿಲ್ಲ. ಅವರಿಗೆ ಮೊಬೈಲಿನಲ್ಲಿ ಬಂದಿರಬಹುದಲ್ಲ? ಬಂದದ್ದನ್ನು ನೋಡಿ ಕಿಸೆಗೆ ಹಾಕಿರಬಹುದಲ್ಲ? ಅವರ ಬುದ್ಧಿ ನನಗೆ ಗೊತ್ತಿಲ್ಲವಾ?"

ಅವನ ಮೊಬೈಲು ಅವನ ಜೊತೆಯೇ ನೀರಿಗೆ ಹೋಗಿತ್ತು.

"ಅದೊಂದು ಗೊತ್ತಾಗಬೇಕು ನನಗೆ" ಎಂದಳು. "ನಮಾಜಿಗೆ ಕೂತು ಅವರಿಗಾಗಿ ಕೇಳಿಕೊಳ್ಳುವ ಅಂದರೆ ಬಾಯಿಗೆ ಬೈಗುಳ ಬರುತ್ತದೆ."

ಇದು ಹೇಗಾಯಿತು ಎಂದು ತಿಳಿಯಬೇಕಾದರೆ ಮೊದಲು ನೆರಿಯದ ಕಮಲಾಕ್ಷನ ಫೋನಿನ ವಿಷಯ ಹೇಳಬೇಕು.

ಹೊಳೆ ಬದಿಯಲ್ಲಿ ಕೊಬ್ಬರಿ, ಕಾಳುಮೆಣಸು ತೆಗೆದುಕೊಳ್ಳುವ ಒಂದು ಅಂಗಡಿ ಇತ್ತು. ನಾನು ಅಲ್ಲಿ ತೂಕ ಮಾಡುವವ, ಮೊಯಿದಿನಬ್ಬ ಗೋಣಿ ಹೊರುವವ. ಕಮಲಾಕ್ಷ ಘಟ್ಟದ ಬುಡದ ನೆರಿಯದಿಂದ ಮೆಣಸು ತರುತ್ತಿದ್ದ. ಅವನದೊಂದು ಚಿಕ್ಕ ಅಂಗಡಿ ಅಲ್ಲಿಯ ಸೇತುವೆ ಬುಡದಲ್ಲೇ ಇತ್ತು. ಘಟ್ಟದಲ್ಲಿ ಮಳೆ ಹೊಡೆದರೆ ನೆರಿಯ ಹೊಳೆ ಮೊದಲು ಏರುತ್ತದೆ. ಅದು ನೇತ್ರಾವತಿಗೆ ಸೇರಿ, ಉಪ್ಪಿನಂಗಡಿ ದಾಟಿ, ನಮ್ಮಲ್ಲಿಗೆ ಬರುವಾಗ ಮೂರು ನಾಲ್ಕು ಗಂಟೆ ಆಗುತ್ತದೆ. ನಮ್ಮಲ್ಲಿ ಬಿಸಿಲು ಇದ್ದರೂ ನೀರು ಬರುತ್ತದೆ. ಗೋದಾಮು ನೆನೆಯಬಾರದು ಎಂದು ನಮ್ಮ ಧಣಿಗಳು ಕಮಲಾಕ್ಷನಿಗೆ ಹೇಳಿಟ್ಟಿದ್ದರು, ಅಲ್ಲಿ ಏರಿದರೆ ಒಂದು ಫೋನು ಮಾಡು ಎಂದು.

ಅವನ ಫೋನಿನಲ್ಲಿ ಹೇಗಿದ್ದೀರಿ, ಊಟ ಆಯಿತಾ ಎಂಬುದೆಲ್ಲ ಇಲ್ಲ. "ಸಂಕಪ್ಪಣ್ಣ, ಬೊಳ್ಳ ಉಂಟು. ಇಡ್ತೇನೆ." ಬೊಳ್ಳ ಅಂದರೆ ತುಳುವಿನಲ್ಲಿ ನೆರೆ. ನಾನು ಹೊರಗೆ ಬಂದು ಬೊಬ್ಬೆ ಹಾಕುವುದು. ಬಟ್ಟೆ ಒಗೆಯುವವರು ಮುಂದಿನವರಿಗೆ ಹೇಳುವರು, ಅವರು ಆಡು ಮೇಯಿಸುವವರಿಗೆ, ಹಾಗೆ ಕೆಳಗಿನವರೆಗೆ ಹೋಗುತ್ತಿತ್ತು. ನಮ್ಮ ಧಣಿಗಳ ಅಂಗಡಿ ಮುಚ್ಚಿಹೋದ ಮೇಲೆಯೂ ಆ ಫೋನು ನಿಲ್ಲಲಿಲ್ಲ. ನನ್ನ ಮೊಬೈಲಿಗೆ ಬರುತ್ತಿತ್ತು.

ಕೆಲವು ಸಲ ತಪ್ಪುತ್ತಿತ್ತು. ಒಮ್ಮೆ ಇಡೀ ಪೇಟೆ ಸಾಮಾನು ಮೇಲೆ ಹಾಕಿ ಕಾದರೆ ಒಂದು ಅಡಿಯೂ ಏರಲಿಲ್ಲ. ಮೊಯಿದಿನಬ್ಬ ನನ್ನ ಕೈಯಿಂದ ಫೋನು ಎಳೆದುಕೊಂಡ.

"ಓ ಕಮಲಾಕ್ಷಣ್ಣ, ಎಲ್ಲಿ ಮಾರಾಯ್ರೆ ನಿಮ್ಮ ಬೊಳ್ಳ? ಉಪ್ಪಿನಂಗಡಿಯಲ್ಲಿ ಚಾ ಕುಡಿಯಲಿಕ್ಕೆ ಇಳಿಯಿತಾ?"

ಆ ಕಡೆಯಿಂದ ಕಮಲಾಕ್ಷ, "ಹತ್ತಿಸಿ ಕಳಿಸಿದ್ದೇನೆ. ಬಸ್ಸು ರಶ್ ಉಂಟು ಕಾಣ್ತದೆ, ಹಿಂದಿನದರಲ್ಲಿ ಬರ್ತದೆ."

ಅವರಿಬ್ಬರು ಮುಖ ನೋಡಿಕೊಂಡದ್ದಕ್ಕಿಂತ ಫೋನಿನಲ್ಲಿ ತಮಾಷೆ ಮಾಡಿದ್ದೇ ಹೆಚ್ಚು.

ಆಮೇಲೆ ಯಂತ್ರ ಬಂತು. ನೆರಿಯದ ಸೇತುವೆಯಲ್ಲಿ ಒಂದು ಕಂಬ ನೆಟ್ಟರು. ತುದಿಯಲ್ಲಿ ಬಿಸಿಲಿನ ಕರೆಂಟಿನ ಹಲಗೆ, ಕೆಳಗೆ ನೀರನ್ನೇ ನೋಡುವ ಡಬ್ಬಿ. ಅದೇ ಥರದ್ದು ನಮ್ಮ ಬಂಟ್ವಾಳದಲ್ಲಿಯೂ. ನೀರಿನ ಇಲಾಖೆಯ ಅಧಿಕಾರಿ ನೆರಿಯದಲ್ಲಿ ಜನರನ್ನು ಸೇರಿಸಿ ವಿವರಿಸಿದರಂತೆ. ಒಳ್ಳೆಯ ಮನುಷ್ಯ, ಎಲ್ಲರಿಗೂ ಕೈ ಮುಗಿದರಂತೆ. ಕಾಲು ಗಂಟೆಗೊಮ್ಮೆ ನೀರು ಎಷ್ಟು ಉಂಟು ಎಂದು ಯಂತ್ರ ತಾನೇ ಬರೆದು ಬೆಂಗಳೂರಿಗೆ ಕಳಿಸುತ್ತದೆ ಎಂದರಂತೆ. ಕೊನೆಗೆ ಒಂದು ಮಾತು ಹೇಳಿದರು: "ಇನ್ನು ನೀವು ನೀವೇ ಫೋನು ಮಾಡಿ ಜನರನ್ನು ಹೆದರಿಸುವುದು ಬೇಡ. ಸುಳ್ಳು ಸುದ್ದಿ ಆದರೆ ಕೇಸು ಆದೀತು. ಎಚ್ಚರಿಕೆ ಕೊಡುವುದು ನಮ್ಮ ಜವಾಬ್ದಾರಿ."

ಜನ ಚಪ್ಪಾಳೆ ತಟ್ಟಿದರಂತೆ. ಕಮಲಾಕ್ಷ ಅವರಿಗೆ ಎಳನೀರಿನ ಬೊಂಡ ಕೆತ್ತಿ ಕೊಟ್ಟನಂತೆ. ಆ ದಿನ ನನಗೆ ಫೋನು ಮಾಡಿ, "ಸಂಕಪ್ಪಣ್ಣ, ನನಗೆ ರಿಟೈರ್ಮೆಂಟ್ ಆಯಿತು. ನನ್ನ ಜಾಗಕ್ಕೆ ಕಂಬ ಬಂದಿದೆ" ಎಂದು ನಗಾಡಿದ. ನಾನೂ ನಗಾಡಿದೆ. ಕಲಿತವರು ಜವಾಬ್ದಾರಿ ತೆಗೆದುಕೊಂಡರೆ ನಮಗೆ ಒಂದು ಹೊರೆ ಇಳಿಯಿತು ಎಂದೇ ಎಣಿಸಿದೆವು. ಯಂತ್ರ ಬೆಂಗಳೂರಿಗೆ ಹೇಳಿದರೆ ಬೆಂಗಳೂರಿನಿಂದ ನಮಗೆ ಯಾರು ಹೇಳುತ್ತಾರೆ ಎಂದು ಒಬ್ಬರೂ ಕೇಳಲಿಲ್ಲ. ಮನೆಗೆ ಬಂದ ದೊಡ್ಡವರನ್ನು ಹಾಗೆಲ್ಲ ಕೇಳುವ ಕ್ರಮ ನಮ್ಮಲ್ಲಿ ಇಲ್ಲ.

ಎರಡು ಮಳೆಗಾಲ ಏನೂ ಆಗಲಿಲ್ಲ. ಮಳೆಗಾಲದಲ್ಲಿ ಹೊಳೆಗೆ ಇಳಿಯುವವರು ಯಾರು? ಆದದ್ದು ಮಳೆ ಮುಗಿದ ಮೇಲೆ, ದೀಪಾವಳಿ ಕಳೆದು.

ಹೊಯ್ಗೆ ದಿಣ್ಣೆ ಆಗ ತಾನೇ ನೀರಿನಿಂದ ಮೇಲೆ ಬಂದಿತ್ತು. ಪ್ರತಿ ವರ್ಷ ಅಲ್ಲಿ ಮಣ್ಣು ಎಳೆದು ಸಾಲು ಸಾಲು ಏರಿ ಮಾಡಿ ಸೌತೆ, ಹರಿವೆ ಹಾಕುವುದು ಮೊಯಿದಿನಬ್ಬನ ಕ್ರಮ. ದಡಕ್ಕೂ ದಿಣ್ಣೆಗೂ ನಡುವೆ ಮೊಣಕಾಲಿನಷ್ಟು ನೀರು. ಒಳ್ಳೆಯ ಬಿಸಿಲು ಇತ್ತು. ನಾನು ದಡದ ಕಲ್ಲಿನಲ್ಲಿ ಕೂತಿದ್ದೆ.

"ಕೂತಲ್ಲಿಗೇ ಸೌತೆ ಬರಬೇಕಾ ಸಂಕಪ್ಪಣ್ಣನಿಗೆ? ಇಳಿಯಿರಿ, ಒಂದು ಹಾರೆ ಉಂಟು" ಎಂದು ಅಲ್ಲಿಂದಲೇ ಕೂಗಿದ.

"ನಿನ್ನ ಸೌತೆ ಕಳೆದ ವರ್ಷ ಕಹಿ ಇತ್ತು."

"ಕಹಿ ಅಂತ ಹೇಳಿ ಹೇಳಿ ಎಲ್ಲ ನೀವೇ ತಿಂದು ಮುಗಿಸಿದ್ದು!"

ನಾನು ಊಟಕ್ಕೆ ಮನೆಗೆ ಹೋದೆ. ಅವ ಬುತ್ತಿ ತಂದಿದ್ದ. ಊಟ ಮಾಡಿ ಸ್ವಲ್ಪ ಅಡ್ಡಾಗಿ ತಿರುಗಿ ಬರುವಾಗ ಹೊಳೆಯ ಬಣ್ಣ ಬದಲಾಗಿತ್ತು. ಕೆಂಪು ನೀರು, ಮೇಲೆ ತರಗೆಲೆ, ಕಾಡಿನ ಕೋಲುಗಳು. ಅವ ದಿಣ್ಣೆಯ ಆ ತುದಿಯಲ್ಲಿ ದಡಕ್ಕೆ ಬೆನ್ನು ಹಾಕಿ ಬಗ್ಗಿದ್ದ. ನಾನು ಬೊಬ್ಬೆ ಹಾಕಿದೆ. ತಿರುಗಿದ. ಹಾರೆ ಬಿಟ್ಟು ಲುಂಗಿ ಮೇಲೆ ಕಟ್ಟಿ ಇಳಿದ. ಸೊಂಟದವರೆಗೆ ಬಂತು, ಎದೆಯವರೆಗೆ ಬಂತು. ನನ್ನ ಕಡೆಗೆ ಒಂದು ಕೈ ಎತ್ತಿದ. ಸಹಾಯ ಕೇಳಿದ್ದಲ್ಲ, ನೀವು ಇಳಿಯಬೇಡಿ ಎಂದು ತೋರಿಸಿದ್ದು. ಮತ್ತೆ ನೀರು ಮಾತ್ರ ಕಂಡಿತು.

ಸಾಯಂಕಾಲದವರೆಗೆ ದೋಣಿ ಹಾಕಿ ಹುಡುಕಿದರು. ಮಾರನೆ ದಿನ ಕೆಳಗೆ ಬಿದಿರ ಮೆಳೆಯಲ್ಲಿ ಸಿಕ್ಕಿದ.

ಮೂರನೆಯ ದಿನ ಪೇಪರಿನಲ್ಲಿ ಬಂತು. ನದಿಗೆ ಇಳಿಯಬಾರದೆಂಬ ಎಚ್ಚರಿಕೆಯ ಸಂದೇಶವನ್ನು ಆ ದಿನವೇ ಕಳುಹಿಸಲಾಗಿತ್ತು, ಅದನ್ನು ಕಡೆಗಣಿಸಿದ್ದರಿಂದ ಹೀಗಾಯಿತು ಎಂದು ಇಲಾಖೆ ಹೇಳಿತ್ತು. ಖದೀಜಳ ತಮ್ಮ ಅಬ್ದುಲ್ ಹಕೀಂನದು ಪೇಟೆಯಲ್ಲಿ ಜೀನಸು ಅಂಗಡಿ. ಅವನೇ ಅದನ್ನು ದೊಡ್ಡ ದನಿಯಲ್ಲಿ ಓದಿ ಎಲ್ಲರಿಗೂ ಹೇಳಿದ. "ಭಾವ ಮೊದಲಿನಿಂದಲೂ ಹಾಗೆಯೇ. ನಾವು ಹೇಳಿದ್ದು ಒಂದಾದರೆ ಅವರು ಮಾಡುವುದು ಇನ್ನೊಂದು." ಹೇಳುವಾಗ ಅಳುತ್ತಿದ್ದ. ಸಂಕಟಕ್ಕೆ ಯಾರನ್ನಾದರೂ ಬೈಯಬೇಕಲ್ಲ, ಸಿಕ್ಕಿದ್ದು ಸತ್ತವನು.

ಖದೀಜ ಬೇಲಿಯ ಹತ್ತಿರ ಕೇಳಿದ ಮೇಲೆ ನಾನು ನೆರಿಯಕ್ಕೆ ಹೋದೆ. ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ ಸೇತುವೆಯಲ್ಲಿ ಇಳಿದರೆ ಕಮಲಾಕ್ಷನ ಅಂಗಡಿಯ ಬಾಗಿಲು ಅರ್ಧ ಹಾಕಿತ್ತು. ಅವ ಒಳಗೆ ಕತ್ತಲಲ್ಲಿ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ, ಬನ್ನಿ ಎನ್ನಲಿಲ್ಲ.

"ನೀವು ಒಂದು ದಿನ ಬರ್ತೀರಿ ಅಂತ ಗೊತ್ತಿತ್ತು" ಎಂದ.

"ಬೈಯಲಿಕ್ಕೆ ಬಂದದ್ದಲ್ಲ ಮಾರಾಯ. ಆ ದಿನ ಇಲ್ಲಿ ನೀರು ಯಾವಾಗ ಏರಿತು?"

"ಬೆಳಿಗ್ಗೆಯೇ ಏರಿತು. ಗಂಟೆ ನೋಡಲಿಲ್ಲ. ಮೊಬೈಲು ಕೈಗೆ ತೆಗೆದುಕೊಂಡಿದ್ದೆ ಸಂಕಪ್ಪಣ್ಣ. ನಿಮ್ಮ ಹೆಸರನ್ನೂ ಒತ್ತಿದ್ದೆ. ಮತ್ತೆ ಮೇಲೆ ನೋಡಿದರೆ ಆ ಕಂಬ ಉಂಟಲ್ಲ, ಹಸಿರು ಲೈಟು ಮಿಣುಕು ಮಿಣುಕು ಮಾಡುತ್ತಾ ಇತ್ತು. ಇದು ಹೇಳುತ್ತಾ ಉಂಟು, ನಾನು ಯಾಕೆ ನಡುವೆ ಬಾಯಿ ಹಾಕುವುದು ಅಂತ ಕಟ್ ಮಾಡಿದೆ." ಬಾಗಿಲಿನಿಂದ ಆ ಕಂಬದ ಕಡೆ ನೋಡಿ ಹೇಳಿದ, "ಕೇಸಿಗೆ ಹೆದರಿ ಅಲ್ಲ. ಇಲಾಖೆಯವರಿಗೆ ಮರ್ಯಾದೆ ಕೊಟ್ಟದ್ದು."

ನಾನು ಅವನ ಬೆನ್ನಿಗೆ ಕೈ ಇಟ್ಟೆ. ಅದಕ್ಕಿಂತ ಹೆಚ್ಚು ಏನು ಮಾಡುವುದು?

ಯಂತ್ರ ಆ ದಿನ ಬರೆದದ್ದು ಎಲ್ಲಿಯಾದರೂ ಇರಬೇಕಲ್ಲ ಎಂದು ಇಲಾಖೆಯ ಆಫೀಸಿಗೆ ಹೋದೆ. ಖದೀಜಳೂ ಬಂದಳು. ಮೇಜಿನ ಹಿಂದೆ ಇದ್ದವರು ನಮ್ಮನ್ನು ಕೂರಿಸಿದರು, ನೀರು ಕೊಟ್ಟರು.

"ಅದನ್ನು ಹೊರಗಿನವರಿಗೆ ತೋರಿಸ್ಲಿಕ್ಕೆ ಆಗುವುದಿಲ್ಲ ಅಜ್ಜ. ಪಾಸ್‌ವರ್ಡ್ ನಮ್ಮ ಕೈಯಲ್ಲೂ ಇಲ್ಲ."

"ಹೊರಗಿನವರು ಯಾರು ಸ್ವಾಮಿ? ನಮ್ಮದೇ ಹೊಳೆ ಅಲ್ವಾ?"

"ಹೊಳೆ ನಿಮ್ಮದು. ಲೆಕ್ಕ ಇಲಾಖೆಯದು" ಎಂದರು. ತಮಾಷೆಗೆ ಅಲ್ಲ, ಅವರಿಗೆ ಅದು ಸರಿಯಾದ ಉತ್ತರವೇ.

ಹಾಗೆ ಒಂದು ವರ್ಷ ಹೋಯಿತು. ಖದೀಜಳ ಗೊಣಗು ನಿಲ್ಲಲಿಲ್ಲ. ಆಗ ಕಮಲಾಕ್ಷ ಒಂದು ಹೆಸರು ಹೇಳಿದ. ಪುತ್ತಿಗೆಯ ಒಬ್ಬಳು ಹುಡುಗಿ, ನಿಖಿತಾ ಎಂದು. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾ ನಮ್ಮ ಹೊಳೆಗಳ ಮೇಲೆಯೇ ಸಂಶೋಧನೆ ಮಾಡುತ್ತಾಳಂತೆ. ಸೇತುವೆಯ ಫೋಟೋ ತೆಗೆಯಲಿಕ್ಕೆ ಬಂದವಳು ಅವನ ಅಂಗಡಿಯಲ್ಲಿ ಸೋಡಾ ಕುಡಿದಿದ್ದಳಂತೆ.

ಸಿದ್ಧಕಟ್ಟೆ ಮೇಲೆ ಹೋಗುವ ಬಸ್ಸಿನಲ್ಲಿ ನಾನೊಬ್ಬನೇ ಮೂಡುಬಿದಿರೆಗೆ ಹೋದೆ. ಖದೀಜಳಿಗೆ ಜ್ವರ ಇತ್ತು. ನಿಖಿತಾ ಒಳ್ಳೆಯ ಹುಡುಗಿ. ಬಂಟ್ವಾಳದ ಮುದುಕ ಹೊಳೆಯ ವಿಷಯ ಕೇಳಲಿಕ್ಕೆ ಬಂದಿದ್ದಾನೆ ಎಂದು ಅವಳಿಗೆ ಖುಷಿ. ಕಂಪ್ಯೂಟರ್ ತಿರುಗಿಸಿ ತೋರಿಸಿದಳು. ಒಂದು ನೀಲಿ ಗೆರೆ ಮಲಗಿದ ಹಾಗೆ ಬಂದು ಒಮ್ಮೆಗೇ ತೆಂಗಿನ ಮರದ ಹಾಗೆ ಎದ್ದಿತ್ತು.

"ಮಳೆಗಾಲ ಮುಗಿದ ಮೇಲೆ ಇಷ್ಟು ಬೇಗ ಏರಿದ್ದು ಇದೊಂದೇ ಅಜ್ಜ. ತುಂಬಾ ಚಂದದ ಉದಾಹರಣೆ. ನನ್ನ ಲೇಖನದಲ್ಲಿ ಮುಖ್ಯವಾದದ್ದೇ ಇದು. ಹೊರದೇಶದ ಪತ್ರಿಕೆಯಲ್ಲಿ ಬಂದಿದೆ."

"ಯಾವ ದಿನದ್ದು ಮಗಾ ಅದು?"

ತಾರೀಕು ಹೇಳಿದಳು. ನಾನು ಮೊಯಿದಿನಬ್ಬನ ವಿಷಯ ಹೇಳಿದೆ. ಅವಳ ಕೈ ಹಾಗೆಯೇ ನಿಂತಿತು. ಆ ಗೆರೆಯ ಒಳಗೆ ಒಬ್ಬ ಮನುಷ್ಯ ಇದ್ದಾನೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೊರದೇಶದವರು ಓದಿದ್ದಾರೆ, ಹೊಳೆ ಬದಿಯ ಬಂಟ್ವಾಳದಲ್ಲಿ ಒಬ್ಬರಿಗೂ ಗೊತ್ತಿಲ್ಲ.

"ಹಾಗಾದರೆ ಆ ಲೇಖನ ನನಗೆ ಕೊಡು. ಯಾರ ಹತ್ತಿರವಾದರೂ ಓದಿಸುತ್ತೇನೆ."

"ಅದನ್ನು ಓದಬೇಕಾದರೆ ದುಡ್ಡು ಕಟ್ಟಬೇಕು ಅಜ್ಜ."

"ಬರೆದದ್ದು ನೀನಲ್ವಾ?"

"ಹೌದು. ನನಗೂ ಕಟ್ಟಬೇಕು. ನಮ್ಮ ಕಾಲೇಜಿಗೆ ಆ ಪತ್ರಿಕೆ ಬರುವುದಿಲ್ಲ." ನಗುವ ಹಾಗೆ ಮಾಡಿದಳು, ಆಗಲಿಲ್ಲ. "ಈ ಅಂಕಿಗಳನ್ನು ಯಾರಿಗೂ ಕೊಡುವುದಿಲ್ಲ ಅಂತ ಇಲಾಖೆಗೆ ಬರೆದುಕೊಟ್ಟು ತೆಗೆದುಕೊಂಡದ್ದು. ನಾನು ಬಾಯಲ್ಲಿ ಹೇಳಿದರೆ ನಾಳೆ ಅವರು ಅಲ್ಲ ಅಂತಾರೆ, ನಿಮ್ಮ ಪೇಟೆಯವರೂ ನಂಬುವುದಿಲ್ಲ. ಅವರ ಸೀಲು ಇರುವ ಕಾಗದವೇ ಬೇಕು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುವ. ನಾನು ಬರೆಯುತ್ತೇನೆ. ಅವರ ಹೆಂಡತಿ ಸಹಿ ಮಾಡಲಿ."

ಖದೀಜ ಸಹಿ ಮಾಡಿದಳು. ಮೊದಲ ಸಲ ಇಲ್ಲ ಎಂದು ಬಂತು. ಅದರ ಮೇಲೆ ಇನ್ನೊಂದು ಹಾಕಿದೆವು. ಕರೆದರು, ಹೋದೆವು, ಮುಂದೂಡಿದರು, ಬಂದೆವು. ನಿಖಿತಾಳ ದೊಡ್ಡ ಪ್ರೊಫೆಸರು, ಇದಕ್ಕೆಲ್ಲ ಯಾಕೆ ಕೈ ಹಾಕುತ್ತೀ, ಮುಂದೆ ನಮಗೆ ಅಂಕಿ ಕೊಡದಿದ್ದರೆ ಏನು ಮಾಡುತ್ತೀ ಎಂದು ಬೈದರಂತೆ. ಅವಳು ಬಿಡಲಿಲ್ಲ. ಅಷ್ಟರಲ್ಲಿ ಕಮಲಾಕ್ಷ ಅಂಗಡಿ ಮುಚ್ಚಿ ಕೊಕ್ಕಡದಲ್ಲಿ ಮಗಳ ಮನೆ ಸೇರಿದ. ಸೇತುವೆ ಕಾಣುವ ಜಾಗದಲ್ಲಿ ಕೂರಲಿಕ್ಕೆ ಆಗುವುದಿಲ್ಲ ಎಂದನಂತೆ. ಈಗ ನೆರಿಯದ ಹೊಳೆ ಬದಿಯಲ್ಲಿ ಮನುಷ್ಯರು ಯಾರೂ ಇಲ್ಲ, ಕಂಬ ಮಾತ್ರ ಉಂಟು.

ಕೊನೆಗೆ ಕಾಗದ ಬಂತು. ಎಲ್ಲ ಇಂಗ್ಲಿಷು. ನಿಖಿತಾಳನ್ನು ಕರೆಸಿದೆವು. ನಮ್ಮ ಜಗಲಿಯಲ್ಲಿ ಓದುವ ಎಂದೆ. ಖದೀಜ ಬೇಡ ಎಂದಳು. "ಹಕೀಂನ ಅಂಗಡಿಯಲ್ಲಿ ಓದಲಿ. ಎಲ್ಲರೂ ಇರುವಾಗ."

ಸಾಯಂಕಾಲ ಅಂಗಡಿಯ ಎದುರು ಏಳೆಂಟು ಜನ ಇದ್ದರು. ಮೋಡ ಆಗಿತ್ತು. ಹಕೀಂ ಅಕ್ಕನಿಗೆ ಸ್ಟೂಲು ಹಾಕಿದ, ಕೂರಲಿಲ್ಲ. ನಿಖಿತಾ ಒಂದೊಂದು ಸಾಲನ್ನು ನಿಧಾನವಾಗಿ ಕನ್ನಡದಲ್ಲಿ ಹೇಳಿದಳು.

"ನೆರಿಯದಲ್ಲಿ ನೀರು ಏರಲಿಕ್ಕೆ ಶುರುವಾದದ್ದು ಬೆಳಿಗ್ಗೆ ಹತ್ತೂವರೆಗೆ. ಹನ್ನೊಂದೂಕಾಲಿಗೆ ಅಪಾಯದ ಗೆರೆ ದಾಟಿದೆ. ಯಂತ್ರ ಅದನ್ನು ಕೂಡಲೇ ಕಳಿಸಿದೆ. ಬಂಟ್ವಾಳದಲ್ಲಿ ಏರಿದ್ದು ಮಧ್ಯಾಹ್ನ ಎರಡೂಕಾಲಿಗೆ."

"ಮೆಸೇಜು?" ಎಂದು ಹಕೀಂ ಕೇಳಿದ. "ಮೆಸೇಜು ಎಷ್ಟು ಹೊತ್ತಿಗೆ?"

ನಿಖಿತಾ ಹಾಳೆ ತಿರುಗಿಸಿದಳು. "ಐದು ಗಂಟೆ ಹತ್ತು ನಿಮಿಷಕ್ಕೆ."

"ಬೆಳಿಗ್ಗೆಯಾ?"

"ಸಾಯಂಕಾಲ."

ಹಕೀಂ ಕೈಯಲ್ಲಿದ್ದ ತಕ್ಕಡಿಯ ಕಲ್ಲನ್ನು ಕೆಳಗಿಟ್ಟ. "ಐದು ಗಂಟೆಗೆ ನಾವು ದೋಣಿಯಲ್ಲಿ ಇದ್ದೆವು" ಎಂದ. "ಭಾವನನ್ನು ಹುಡುಕುತ್ತಾ ಇದ್ದೆವು."

"ಆ ದಿನ ಎರಡನೇ ಶನಿವಾರ" ಎಂದಳು ನಿಖಿತಾ. "ಯಂತ್ರ ಬರೆಯುತ್ತದೆ. ಅದನ್ನು ತೆರೆದು ನೋಡಲಿಕ್ಕೆ ಒಬ್ಬರು ಬೇಕು. ಆ ದಿನ ಸಾಯಂಕಾಲದವರೆಗೆ ನೋಡುವವರು ಇರಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದರೆ ಯಾರಾದರೂ ಒಬ್ಬರು ನೋಡುತ್ತಿದ್ದರು."

ಪೇಪರಿನವರು ಬರೆದದ್ದು ಸುಳ್ಳಲ್ಲ. ಎಚ್ಚರಿಕೆ ಆ ದಿನವೇ ಕಳಿಸಿದ್ದರು. ಯಾವ ಹೊತ್ತಿಗೆ ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಹಕೀಂ ಅಕ್ಕನ ಮುಖ ನೋಡಲಿಕ್ಕೆ ಆಗದೆ ಹೊರಗೆ ಹೊಳೆಯ ಕಡೆ ನೋಡಿದ. ಕೆಳಗೆ ದಿಣ್ಣೆಯಲ್ಲಿ ಈ ವರ್ಷ ಬೇರೆ ಯಾರೋ ಸೌತೆಗೆ ಏರಿ ಮಾಡುತ್ತಾ ಇದ್ದರು. ಘಟ್ಟದ ಕಡೆ ಕಪ್ಪಾಗಿತ್ತು.

"ಮೇಡಂ" ಎಂದ. "ಇವತ್ತು ನೆರಿಯದಲ್ಲಿ ನೀರು ಎಷ್ಟುಂಟು?"

ನಿಖಿತಾ ತಲೆ ತಗ್ಗಿಸಿದಳು. "ಅದು ಗೊತ್ತಾಗುವುದಿಲ್ಲ. ನಮಗೆ ಕೊಟ್ಟದ್ದು ಆ ಒಂದು ದಿನದ್ದು ಮಾತ್ರ. ಇವತ್ತಿನದಕ್ಕೆ ಬೇರೆ ಅರ್ಜಿ ಹಾಕಬೇಕು. ಮೂವತ್ತು ದಿನ ಆಗುತ್ತದೆ."

ಬೇರೆ ದಿನ ಆಗಿದ್ದರೆ ಯಾರಾದರೂ ನಗಾಡುತ್ತಿದ್ದರು. ಹಕೀಂ ಅಂಗಡಿ ಬಿಟ್ಟು ಇಳಿದು ಹೋದ. ದಿಣ್ಣೆಯವರನ್ನು ಕೂಗಿ ಕರೆಯುವುದು ಕೇಳಿಸಿತು. ಅವರು, ಯಾಕೆ, ಎಂತ ಆಯಿತು ಎಂದು ಅಲ್ಲಿಂದಲೇ ಕೇಳುತ್ತಿದ್ದರು. ಇವನ ಹತ್ತಿರ ಹೇಳಲಿಕ್ಕೆ ಏನೂ ಇರಲಿಲ್ಲ. ಮೋಡ ಉಂಟು, ಮೇಲೆ ಬನ್ನಿ ಎನ್ನುತ್ತಿದ್ದ. ಮೋಡ ನಮಗೂ ಕಾಣುತ್ತದೆ ಎಂದು ಅವರು ಪುನಃ ಹಾರೆ ಹಿಡಿದರು.

ನಾನು ಖದೀಜಳನ್ನು ಮನೆಯವರೆಗೆ ಬಿಡಲಿಕ್ಕೆ ಹೋದೆ. ಗೇಟಿನ ಹತ್ತಿರ ನಾನೇ ಹೇಳಿದೆ, "ಇನ್ನು ಅವನನ್ನು ಬೈಯಬೇಕಾಗಿಲ್ಲ ಖದೀಜಮ್ಮ. ಅವನಿಗೆ ಯಾರೂ ಹೇಳಿರಲೇ ಇಲ್ಲ."

"ಹೌದು" ಎಂದಳು. ಸೆರಗಿನಿಂದ ಮುಖ ಒರೆಸಿದಳು. "ಮೂರು ಗಂಟೆ ಇತ್ತಲ್ಲ ಸಂಕಪ್ಪಣ್ಣ. ಹನ್ನೊಂದೂಕಾಲಿಗೆ ಒಂದು ಮಾತು ಬಂದಿದ್ದರೆ ಅವರು ಬುತ್ತಿ ಮನೆಗೆ ತಂದು ಉಣ್ಣುತ್ತಿದ್ದರು."

ಬಾಗಿಲು ತೆಗೆದು ಒಳಗೆ ಕಾಲಿಟ್ಟು ಅಲ್ಲಿಯೇ ನಿಂತಳು.

"ಕೋಪ ಇರುವಾಗ ಅವರು ಇಲ್ಲೇ ಎಲ್ಲಿಯೋ ಇದ್ದ ಹಾಗೆ ಇತ್ತು" ಎಂದಳು. "ಉತ್ತರ ಕೊಡುವುದಿಲ್ಲ ಅಷ್ಟೆ."

ಆ ರಾತ್ರಿ ಬೇಲಿಯ ಆಚೆಯಿಂದ ಅವಳ ಗೊಣಗು ಕೇಳಲಿಲ್ಲ. ಈಗ ಕೆಲವು ತಿಂಗಳಾಯಿತು, ಕೇಳುವುದಿಲ್ಲ.